ಕುದುರೆ ಹೊಟ್ಟೆ ಪದೇ ಪದೇ ಕೆಡ್ತಿದ್ಯಾ? ಹುರುಳಿ ಡಬ್ಬ ಪಕ್ಕಕ್ಕಿಡಿ, ಹುಲ್ಲಿಂದ ಶುರು ಮಾಡಿ

ನಮ್ಮ ತೋಟದಲ್ಲಿ ಒಂದು ಕುದುರೆ ಇದೆ, ಕೆಂದ ಅಂತ ಕರೀತೀವಿ. ರೇಸಲ್ಲಿ ಓಡಿ ರಿಟೈರ್ ಆದ ಥರೋಬ್ರೆಡ್ಡು, ಈಗ 14 ವರ್ಷ. ತುಮಕೂರಿಂದ ಕುಣಿಗಲ್ ಕಡೆ ಹೋಗೋ ದಾರೀಲಿ ನಮ್ಮ ತೋಟ, ಟಿಪ್ಪು ಕಾಲದಿಂದ ಕುದುರೆ ಸಾಕಿರೋ ಸೀಮೆ ಇದು, ಆದ್ರೂ ನಾನು ಇವನನ್ನ ತಂದಾಗ ಕುದುರೆ ಬಗ್ಗೆ ನಂಗೆ ಗೊತ್ತಿದ್ದದ್ದು ಸೊನ್ನೆ. ಮಾರಿದವರು "ಬರೀ ಸ್ವಲ್ಪ ಹೊಟ್ಟೆ ಸೂಕ್ಷ್ಮ ಸಾರ್" ಅಂದಿದ್ರು. ಆ "ಸ್ವಲ್ಪ"ದಲ್ಲೇ ಎರಡು ವರ್ಷ ಹೋಯ್ತು. ತಿಂಗಳಿಗೊಂದ್ಸಲ ಹೊಟ್ಟೆನೋವು, ಲದ್ದಿ ಹಾಕೋವಾಗ ಹಿಂದೆ ನೀರು ಸುರಿಯೋದು, ಎಷ್ಟು ಹಾಕಿದ್ರೂ ಪಕ್ಕೆಲುಬು ಎಣಿಸಬಹುದು, ಅದರ ಜೊತೆಗೆ ಗೋದಲಿ ಮರ ಕಡಿಯೋದು.

ಎರಡು ವರ್ಷ ನಾವು ಮಾಡಿದ ತಪ್ಪು ಒಂದೇ. ಮನುಷ್ಯರಿಗೆ ಬಡಿಸಿದ ಹಾಗೆ ಬೆಳಿಗ್ಗೆ ಒಂದು ಊಟ, ಸಂಜೆ ಒಂದು ಊಟ, ಎರಡರಲ್ಲೂ ಕಾಳು ಜಾಸ್ತಿ, ಹುಲ್ಲು ನೆಪಕ್ಕೆ. ಕುದುರೆ ಹೊಟ್ಟೆ ಆ ಲೆಕ್ಕಕ್ಕೆ ಹುಟ್ಟಿದ್ದೇ ಅಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಹಿಡಿಸೋದು ಬರೀ 8ರಿಂದ 15 ಲೀಟರ್, ಅದರಲ್ಲಿ ಆಸಿಡ್ ಮಾತ್ರ 24 ಗಂಟೇನೂ ಊರ್ತಾನೇ ಇರುತ್ತೆ, ತಿಂದ್ರೂ ತಿನ್ನದೆ ಇದ್ರೂ. ಆಸಿಡ್ ತಣಿಸೋ ಜೊಲ್ಲು ಮಾತ್ರ ಅಗಿದಾಗ್ಲೇ ಬರೋದು. ಒಂದು ಕೆಜಿ ಒಣಹುಲ್ಲು ಅಗಿಯೋಕೆ ಸುಮಾರು 40 ನಿಮಿಷ ಬೇಕು, ಒಂದು ಕೆಜಿ ಓಟ್ಸ್ ಹತ್ತೇ ನಿಮಿಷಕ್ಕೆ ಖಾಲಿ. ಇನ್ನು ನಿಜವಾದ ಕೆಲಸ ನಡೆಯೋದು ಹಿಂದೆ, ದೊಡ್ಡಕರುಳಲ್ಲಿ. ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನ ಹುದುಗಿಸಿ ಕುದುರೆಗೆ ಶಕ್ತಿ ಕೊಡ್ತವೆ. ಕಾಳಿನ ಪಿಷ್ಟ ಸಣ್ಣಕರುಳಲ್ಲಿ ಅರಗದೆ ಮಿಕ್ಕಿ ಅಲ್ಲಿಗೆ ಹೋಯ್ತು ಅಂದ್ರೆ ಒಳಗೆ ಹುಳಿ ಏರುತ್ತೆ, ಒಳ್ಳೆ ಜೀವಿಗಳು ಸಾಯ್ತವೆ, ಗ್ಯಾಸು, ಭೇದಿ, ಕೈ ಮೀರಿದ್ರೆ ಗೊರಸಿನ ಒಳಗೆ ಉರಿ ಬಂದು ಕುದುರೆ ನಿಲ್ಲೋಕೇ ಆಗದ ಸ್ಥಿತಿ.

ಈಗ ಏನು ಮಾಡಬೇಕು ಅಂತ ಒಂದೊಂದಾಗಿ ಹೇಳ್ತೀನಿ, ಆದಷ್ಟು ಇದೇ ಆರ್ಡರಲ್ಲೇ ಮಾಡಿ.

ಮೇವು ಮುಟ್ಟೋಕೆ ಮುಂಚೆ ಡಾಕ್ಟ್ರು

ಆಹಾರದಲ್ಲಿ ಸರಿ ಹೋಗೋದು ಯಾವುದು, ಹೋಗದೇ ಇರೋದು ಯಾವುದು ಅಂತ ಮೊದಲು ಬೇರೆ ಮಾಡಬೇಕು. ಕುದುರೆ ನೋಡಿ ಅಭ್ಯಾಸ ಇರೋ ಪಶುವೈದ್ಯರನ್ನೇ ಕರೆಸಿ, ಹಸು ಮಾತ್ರ ನೋಡೋರಿಗೆ ಇದು ಕಷ್ಟ (ಹತ್ತಿರ ಇರೋರಿಗೆ ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜು ಇದೆ). ಮೂರು ವಿಷಯ ಕೇಳಿ. ಒಂದು ಹಲ್ಲು, ಕುದುರೆ ಹಲ್ಲು ಜೀವನಪೂರ್ತಿ ಮೇಲಕ್ಕೆ ಬರ್ತಾನೇ ಇರುತ್ತೆ, ಅಂಚು ಚೂಪಾಗಿ ಕೆನ್ನೆ ಕುಯ್ಯುತ್ತೆ, ಆಗ ಹುಲ್ಲನ್ನ ಅರ್ಧ ಅಗಿದು ಉಂಡೆ ಮಾಡಿ ಉಗೀತದೆ. ಗೋದಲಿ ಕೆಳಗೆ ಹಸಿ ಹುಲ್ಲಿನ ಉಂಡೆ ಬಿದ್ದಿದ್ರೆ ಹಲ್ಲು ಅರ ಹಾಕಿಸೋವರೆಗೆ ಯಾವ ಡಯಟ್ಟೂ ಕೆಲಸ ಮಾಡಲ್ಲ, ವರ್ಷಕ್ಕೊಂದ್ಸಲ ಆದ್ರೂ ತೋರಿಸಿ. ಎರಡು ಜಂತುಹುಳ, ಸುಮ್ನೆ ಮೂರು ತಿಂಗಳಿಗೊಂದು ಮಾತ್ರೆ ಹಾಕೋದಲ್ಲ, ಲದ್ದಿ ಟೆಸ್ಟ್ ಮಾಡಿಸಿ ಮೊಟ್ಟೆ ಎಣಿಸಿ ಆಮೇಲೆ ಔಷಧಿ. ಮೂರು, ನೋವಿನ ಔಷಧಿ. ರೇಸ್ ಲಾಯಗಳಲ್ಲಿ ಬ್ಯೂಟ್ ಅಂತಾರಲ್ಲ ಆ ಫಿನೈಲ್‌ಬ್ಯುಟಜೋನ್, ಕಾಲುನೋವಿಗೆ ಅಂತ ದಿನಾ ಕೊಟ್ಟು ಕೊಟ್ಟು ಜಠರಾನೂ ದೊಡ್ಡಕರುಳೂ ಹುಣ್ಣಾಗಿರೋ ಕುದುರೆಗಳು ಬೇಕಾದಷ್ಟಿವೆ. ನೀವು ಕೊಡ್ತಿದ್ರೆ ಡಾಕ್ಟ್ರ ಹತ್ರ ಮುಚ್ಚಿಡಬೇಡಿ.

ಹುಣ್ಣು ಇದ್ಯಾ ಇಲ್ವಾ ಅನ್ನೋದು ಖಚಿತ ಆಗೋದು ಜಠರಕ್ಕೆ ಕ್ಯಾಮೆರಾ ಇಳಿಸಿದ್ರೆ ಮಾತ್ರ. ಅದಾಗದಿದ್ರೆ ಡಾಕ್ಟ್ರು ಲಕ್ಷಣ ನೋಡಿ ಆಸಿಡ್ ಕಮ್ಮಿ ಮಾಡೋ ಔಷಧಿ ಒಮೆಪ್ರಜೋಲ್ ಶುರು ಮಾಡಬಹುದು. ಮೆಡಿಕಲ್ ಶಾಪಲ್ಲಿ ಸಿಗೋ ಮನುಷ್ಯರ ಕ್ಯಾಪ್ಸೂಲ್ ಬಿಚ್ಚಿ ನೀವೇ ಹಾಕ್ಬೇಡಿ, ಕುದುರೆ ಡೋಸ್ ಬೇರೆ, ಅದರ ರೂಪಾನೂ ಬೇರೆ.

ತೂಕ ಎಷ್ಟು ಅಂತ ಗೊತ್ತಿರಲಿ

ಟೈಲರ್ ಟೇಪ್ ಸಾಕು. ಮುಂಗಾಲ ಹಿಂದೆ, ಜೀನಿನ ಪಟ್ಟಿ ಬಿಗಿಯೋ ಜಾಗದಲ್ಲಿ ಎದೆ ಸುತ್ತಳತೆ ಸೆಂಟಿಮೀಟರಲ್ಲಿ ತಗೊಳ್ಳಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಹಿಂದೆ ಪೃಷ್ಠದ ಮೂಳೆ ತುದಿವರೆಗೆ ಉದ್ದ. ಸುತ್ತಳತೆ ಇಂಟು ಸುತ್ತಳತೆ ಇಂಟು ಉದ್ದ, ಬಂದಿದ್ದನ್ನ 11,880ರಿಂದ ಭಾಗಿಸಿ, ಅದು ಕೆಜಿ. ನಮ್ಮ ಕೆಂದ 180 ಸುತ್ತಳತೆ, 160 ಉದ್ದ, ಅಂದ್ರೆ 436 ಕೆಜಿ, ನಾನು 440 ಅಂತ ಹಿಡ್ಕೊಂಡಿದೀನಿ. ಹದಿನೈದು ದಿನಕ್ಕೊಂದ್ಸಲ ಅದೇ ಟೈಮಿಗೆ ಅಳೆದು ಬರೆದಿಡಿ. ಕಣ್ಣಳತೆ ನಂಬಬೇಡಿ, ದಿನಾ ನೋಡೋ ಕಣ್ಣಿಗೆ ಏನೂ ಕಾಣಲ್ಲ.

ಹುಲ್ಲಿನ ಲೆಕ್ಕ

ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಸರಿ ಹೋಗಿದ್ದು ಇಲ್ಲೇ.

ದಿನಕ್ಕೆ ದೇಹದ ತೂಕದ 2% ಒಣ ಮೇವು ಬೇಕು, ಯಾವ ಕಾರಣಕ್ಕೂ 1.5% ಕೆಳಗೆ ಇಳೀಬಾರದು. ಒಣ ಅಂದ್ರೆ ನೀರಂಶ ಪೂರ್ತಿ ತೆಗೆದ ಲೆಕ್ಕ. ಹಸಿ ಹುಲ್ಲಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತೆ, ಅದಕ್ಕೇ "ದಿನಕ್ಕೆ ಒಂದು ಹೊರೆ ಹಾಕ್ತೀವಲ್ಲ" ಅನ್ನೋರು ಮೋಸ ಹೋಗೋದು. 20 ಕೆಜಿ ಹೊರೆ ಅಂದ್ರೆ ಕೈಗೆ ಬರೋದು ನಾಲ್ಕೇ ಕೆಜಿ. ಕೆಂದನಿಗೆ ದಿನಕ್ಕೆ 8.8 ಕೆಜಿ ಬೇಕು, ನಾನು ಕೊಡೋದು ಒಣಹುಲ್ಲು 6 ಕೆಜಿ (ಅದರಲ್ಲೂ ಹತ್ತರಲ್ಲಿ ಒಂದು ಪಾಲು ನೀರು, ಅಂದ್ರೆ 5.4), ಹಸಿ ಕುದುರೆ ಮಸಾಲೆ ಸೊಪ್ಪು, ಅದೇ ಲೂಸರ್ನ್, 8 ಕೆಜಿ (1.6), ಹಸಿ ಹುಲ್ಲು 9 ಕೆಜಿ (1.8). ಸ್ಪ್ರಿಂಗ್ ತಕ್ಕಡಿ ಒಂದು ಲಾಯದ ತೊಲೆಗೆ ನೇತು ಹಾಕಿದೀವಿ, ಗೋಣಿತಾಟಲ್ಲಿ ಸುತ್ತಿ ತೂಗೋದು.

ಯಾವ ಹುಲ್ಲು ಅನ್ನೋದು ಇನ್ನೊಂದು ತಲೆನೋವು. ರಾಗಿ ಹುಲ್ಲು ನಮ್ಮ ಕಡೆ ಬಣವೆಗಟ್ಟಲೆ ಸಿಗುತ್ತೆ, ಹೊಟ್ಟೆ ತುಂಬ್ಸೋಕೆ, ಬಾಯಾಡಿಸ್ತಾ ಇರೋಕೆ ಅದು ಸ್ವಲ್ಪ ಮಟ್ಟಿಗೆ ಓಕೆ, ಆದ್ರೆ ಬರೀ ಅದನ್ನೇ ನಂಬ್ಕೊಂಡ್ರೆ ಸತ್ವ ಸಾಲಲ್ಲ, ಕಡ್ಡಿ ದಪ್ಪ, ನೀರು ಕಮ್ಮಿ ಕುಡಿಯೋ ಕುದುರೆಗೆ ಒಳಗೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಭತ್ತದ ಹುಲ್ಲು ಅದಕ್ಕಿಂತ ಕಡೆ, ಹಾಸೋಕೆ ಇಟ್ಕೊಳ್ಳಿ. ಓಟ್ಸ್ ಹುಲ್ಲು, ರೋಡ್ಸ್ ಹುಲ್ಲು ಒಣಗಿಸಿದ್ದು ಸಿಕ್ರೆ ಅದೇ ಬೇಸ್ ಆಗ್ಲಿ, ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ, ಕಾಳಲ್ಲಿ ಉಳಿಯುತ್ತೆ. ಗರಿಕೆಯನ್ನ ಕುದುರೆ ಇಷ್ಟಪಟ್ಟು ತಿನ್ನುತ್ತೆ, ಹಸೀದು ಒಳ್ಳೇದೇ, ಆದ್ರೆ ತೀರಾ ನವಿರಾಗಿ ಒಣಗಿದ ಗರಿಕೆ ಒಂದನ್ನೇ ಹಾಕ್ತಾ ಹೋದ್ರೆ ಸಣ್ಣಕರುಳಿನ ತುದೀಲಿ ಕಟ್ಕೊಳ್ಳೋ ಭಯ ಇದೆ, ಬೇರೆ ಹುಲ್ಲಿನ ಜೊತೆ ಬೆರೆಸಿ.

ಸೀಮೆ ಹುಲ್ಲು, ಅದೇ ನೇಪಿಯರ್, ಇದನ್ನ ಹಸು ಇರೋರೆಲ್ಲ ಬೆಳೆದಿರ್ತಾರೆ, ಫ್ರೀಯಾಗೂ ಸಿಗುತ್ತೆ. ಅದರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂನ ಕಟ್ಟಿಹಾಕಿ ಹೊರಗೆ ತಗೊಂಡು ಹೋಗುತ್ತೆ. ಹಸು ಹೇಗೋ ತಡ್ಕೊಳ್ಳುತ್ತೆ, ಕುದುರೆಗೆ ತಿಂಗಳುಗಟ್ಟಲೆ ಅದೇ ಆದ್ರೆ ಮುಖದ ಮೂಳೆ ಊದಿಕೊಳ್ಳೋ ಕಾಯಿಲೆ ಬರುತ್ತೆ. ಮೇಲಿಂದ ಬೂಸಾನೂ ಸುರೀತಿದ್ರೆ ಇನ್ನೂ ಬೇಗ, ಯಾಕಂದ್ರೆ ಗೋಧಿ ಬೂಸಾದಲ್ಲಿ ರಂಜಕ ತುಂಬಿ ತುಳುಕುತ್ತೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು.

ಕುದುರೆ ಮಸಾಲೆ ಸೊಪ್ಪಿಗೆ ಆ ಹೆಸರು ಸುಮ್ನೆ ಬಂದಿಲ್ಲ. ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಜಾಸ್ತಿ, ಜಠರದ ಹುಳಿ ತಣಿಸುತ್ತೆ, ಹುಣ್ಣಿನ ಕುದುರೆಗೆ ಇದು ಅರ್ಧ ಔಷಧಿ. ಆದ್ರೆ ಎಳೇ ಸೊಪ್ಪನ್ನ ಕೊಯ್ದ ತಕ್ಷಣ ರಾಶಿಗಟ್ಟಲೆ ಹಾಕಿದ್ರೆ ಗ್ಯಾಸು. ಬೆಳಿಗ್ಗೆ ಕೊಯ್ದು ನೆರಳಲ್ಲಿ ತೆಳ್ಳಗೆ ಹರಡಿ, ಬಾಡಿದ ಮೇಲೆ ಮಧ್ಯಾಹ್ನ ಹಾಕಿ. ಹೊರೆ ಕಟ್ಟಿ ಹಂಗೇ ಬಿಟ್ರೆ ಒಳಗೆ ಬಿಸಿ ಏರುತ್ತೆ, ಕೈ ಹಾಕಿ ನೋಡಿ, ಬೆಚ್ಚಗಿದ್ರೆ ಆ ಹೊರೆ ಗೊಬ್ಬರದ ಗುಂಡಿಗೆ.

ಮಳೆಗಾಲದಲ್ಲಿ ಬೂಷ್ಟು ಬಂದ ಹುಲ್ಲು, ಬೂಷ್ಟು ಬಂದ ಮುಸುಕಿನ ಜೋಳ, ಇವೆರಡನ್ನ "ಒಣಗಿಸಿ ಹಾಕಿದ್ರಾಯ್ತು" ಅನ್ನೋರ ಮಾತು ಕೇಳ್ಬೇಡಿ. ಬೂಷ್ಟು ಹಿಡಿದ ಜೋಳ ಕುದುರೆ ಮಿದುಳನ್ನೇ ಕೊಳೆಸುತ್ತೆ. ಹಸುಗಳ ರಸಮೇವೂ ಬೇಡ.

ಗಂಟೆ ನೋಡಿ ಹಂಚೋದು

ಹುಲ್ಲು ಎಷ್ಟು ಅನ್ನೋದು ಎಷ್ಟು ಮುಖ್ಯಾನೋ ಯಾವಾಗ ಅನ್ನೋದೂ ಅಷ್ಟೇ ಮುಖ್ಯ. ನಾಲ್ಕೈದು ಗಂಟೆಗಿಂತ ಜಾಸ್ತಿ ಬಾಯಿ ಖಾಲಿ ಬಿಡಬಾರದು, ಆರು ಗಂಟೆ ದಾಟಿದ್ರೆ ಆಸಿಡ್ ಕೆಲಸ ಶುರು. ನಮ್ಮಲ್ಲಿ ಏನಾಗ್ತಿತ್ತು ಅಂದ್ರೆ ಸಂಜೆ ಆರಕ್ಕೆ ಹುಲ್ಲು ಹಾಕಿ ಎಲ್ರೂ ಮನೆಗೆ, ಎಂಟೂವರೆಗೆ ಅವನು ತಿಂದು ಮುಗಿಸ್ತಿದ್ದ, ಬೆಳಿಗ್ಗೆ ಆರರವರೆಗೆ ಏನೂ ಇಲ್ಲ. ಒಂಬತ್ತೂವರೆ ಗಂಟೆ! ಮರ ಕಡೀದೆ ಇನ್ನೇನು ಮಾಡ್ತಾನೆ. ಈಗ ರಾತ್ರಿ ಒಂಬತ್ತೂವರೆಗೆ ನಾನೇ ಹೋಗಿ ಸಣ್ಣ ಕಣ್ಣಿನ ಬಲೇಲಿ ಎರಡೂವರೆ ಕೆಜಿ ಒಣಹುಲ್ಲು ತುಂಬಿ ಕಟ್ತೀನಿ. ಮೀನಿನ ಬಲೆ ಅಲ್ಲ ಮತ್ತೆ, ದಪ್ಪ ನೈಲಾನ್ ಹಗ್ಗದ್ದು, ಕಣ್ಣು ಮೂರ್ನಾಲ್ಕು ಸೆಂಟಿಮೀಟರ್. ಒಂದೊಂದೇ ಎಳೆ ಎಳ್ಕೊಂಡು ತಿನ್ನಬೇಕಾಗೋದ್ರಿಂದ ಬೆಳಗಿನ ಜಾವದವರೆಗೆ ಬರುತ್ತೆ. ಕಾಲು ಸಿಕ್ಕಿಹಾಕಿಕೊಳ್ಳದ ಎತ್ತರದಲ್ಲಿ ಕಟ್ಟಿ, ಖಾಲಿ ಆದ್ಮೇಲೆ ಬಲೆ ಕೆಳಗೆ ಜೋತು ಬೀಳುತ್ತೆ ಅನ್ನೋದೂ ನೆನಪಿರಲಿ.

ಸವಾರಿಗೆ ಮುಂಚೆ ಖಾಲಿ ಹೊಟ್ಟೆ ಇರಲಿ ಅನ್ನೋ ಹಳೇ ಪದ್ಧತಿ ಬಿಡಿ. ಓಡೋವಾಗ ಖಾಲಿ ಜಠರದ ಆಸಿಡ್ ಮೇಲಕ್ಕೆ ಚಿಮ್ಮಿ ರಕ್ಷಣೆ ಇಲ್ಲದ ಮೇಲ್ಭಾಗಕ್ಕೆ ತಾಗುತ್ತೆ. ಅರ್ಧ ಗಂಟೆ ಮುಂಚೆ ಎರಡು ಹಿಡಿ ಬಾಡಿದ ಮಸಾಲೆ ಸೊಪ್ಪೋ ಒಣಹುಲ್ಲೋ ತಿನ್ನಿಸಿ. ಕಾಳು ಮಾತ್ರ ಆಗ ಬೇಡ.

ಕಾಳು ಇಳಿಸೋದು

ಇಲ್ಲಿ ನಮ್ಮ ಲಾಯದ ಹಳೇ ಸೈಸ್ (ಕುದುರೆ ನೋಡ್ಕೊಳ್ಳೋರು) ಜೊತೆ ನಂಗೆ ಜಗಳವೇ ಆಯ್ತು. "ಅಣ್ಣಾ, ಹುರುಳಿ ಹಾಕದೆ ಕುದ್ರೆ ಸಾಕ್ತಾರಾ? ಹಿಂಗೇ ಮಾಡಿ, ಆರು ತಿಂಗ್ಳಲ್ಲಿ ಕತ್ತೆ ಆಗೋಗ್ತದೆ" ಅಂದ್ರು. ಹುರುಳಿ ಕೆಟ್ಟದ್ದು ಅಂತ ನಾನೂ ಹೇಳ್ತಿಲ್ಲ, ದಿನಾ ಗಾಡಿ ಎಳೆಯೋ ಕುದುರೆಗೆ ಅದು ಬೇಕು. ದಿನಕ್ಕೆ ಮುಕ್ಕಾಲು ಗಂಟೆ ನಡೆಯೋ ಈ ರಿಟೈರ್ಡ್ ಸಾಹೇಬನಿಗೆ ಎರಡು ಹೊತ್ತಿಗೆ ಐದು ಕೆಜಿ ಕಾಳು ಯಾಕೆ ಅಂತ ನನ್ನ ಪ್ರಶ್ನೆ.

ಲೆಕ್ಕ ಹೀಗೆ. ಹೊಟ್ಟೆ ಸಮಸ್ಯೆ ಇರೋ ಕುದುರೆಗೆ ಒಂದು ಹೊತ್ತಿಗೆ ಪಿಷ್ಟ, ದೇಹದ ಒಂದು ಕೆಜಿಗೆ 1 ಗ್ರಾಂ ದಾಟಬಾರದು, ದಿನಕ್ಕೆ 2 ಗ್ರಾಂ. 440 ಕೆಜಿ ಕುದುರೆಗೆ ಒಂದು ಹೊತ್ತಿಗೆ 440 ಗ್ರಾಂ ಪಿಷ್ಟ, ಓಟ್ಸಲ್ಲಿ ಸುಮಾರು 40% ಪಿಷ್ಟ ಅಂತ ಹಿಡಿದ್ರೆ ಒಂದು ಕೆಜಿ ಚಿಲ್ಲರೆ. ಮುಸುಕಿನ ಜೋಳದಲ್ಲಿ 70% ಹತ್ರ ಇರುತ್ತೆ, ಆರು ನೂರು ಗ್ರಾಮಿಗೇ ಮಿತಿ ಮುಗೀತು, ಅದೂ ಬೇಯಿಸದ ಜೋಳದ ಪಿಷ್ಟ ಸಣ್ಣಕರುಳಲ್ಲಿ ಸರಿಯಾಗಿ ಅರಗಲ್ಲ, ಸೀದಾ ಹಿಂದಕ್ಕೆ. ಹಾಗಾಗಿ ಹೊಟ್ಟೆ ಕೆಟ್ಟ ಕುದುರೆಗೆ ಜೋಳ ಪೂರ್ತಿ ನಿಲ್ಲಿಸಿ ಅಂತ ನನ್ನ ಸಲಹೆ.

ಎರಡು ದಿನಕ್ಕೊಮ್ಮೆ ಕಾಲು ಕೆಜಿಯಂತೆ ಇಳಿಸಿದ್ವಿ, ಇಳಿಸಿದಷ್ಟೂ ಹುಲ್ಲು ಏರಿಸಿದ್ವಿ, ಒಂದು ತಿಂಗಳು ಹಿಡೀತು. ಈಗ ಒಂದು ಹೊತ್ತಿಗೆ ಅರ್ಧ ಕೆಜಿ ಓಟ್ಸ್, ಕಾಲು ಕೆಜಿ ಹುರುಳಿ, ದಿನಕ್ಕೆ ಎರಡು ಹೊತ್ತು. ಹುರುಳಿ ರಾತ್ರಿ ನೆನೆಸಿ ಬೆಳಿಗ್ಗೆ ಚೆನ್ನಾಗಿ ಬೇಯಿಸಬೇಕು, ಬೆರಳಲ್ಲಿ ಹಿಸುಕಿದ್ರೆ ಹಿಟ್ಟಾಗ್ಬೇಕು. ಹಸಿ ಹುರುಳೀಲಿ ಪ್ರೋಟೀನ್ ಅರಗೋಕೆ ಬಿಡದ ಅಂಶ ಇರುತ್ತೆ, ಬೆಂದ್ರೆ ಅದು ಹೋಗುತ್ತೆ. ಬೇಸಿಗೇಲಿ ಬೆಂದ ಹುರುಳಿ ಸಂಜೆವರೆಗೆ ಇಟ್ರೆ ಹುಳಿ ಬರುತ್ತೆ, ಎರಡು ಸಲ ಬೇಯಿಸೋಕೆ ಸೋಮಾರಿತನ ಆದ್ರೆ ಒಂದು ಹೊತ್ತು ಹುರುಳೀನೇ ಬಿಟ್ಬಿಡಿ.

ಹಸು ಫೀಡ್ ಮೂಟೆ ಪಕ್ಕದಲ್ಲೇ ಇರುತ್ತೆ, ಒಂದು ದಿನ ಓಟ್ಸ್ ಖಾಲಿ ಆದ್ರೆ ಕೈ ಅತ್ತ ಹೋಗುತ್ತೆ. ಬೇಡ. ಕೆಲವು ಜಾನುವಾರು, ಕೋಳಿ ಫೀಡಲ್ಲಿ ಮೊನೆನ್ಸಿನ್ ಅನ್ನೋ ಪದಾರ್ಥ ಸೇರಿಸಿರ್ತಾರೆ, ಹಸು ಕೋಳಿಗೆ ಏನೂ ಆಗಲ್ಲ, ಕುದುರೆಗೆ ಅದು ಹೃದಯ ನಿಲ್ಲಿಸೋ ವಿಷ, ಸ್ವಲ್ಪವೇ ಸಾಕು. ಒಂದು ದಿನ ಕಾಳಿಲ್ಲದೆ ಬರೀ ಹುಲ್ಲು ತಿಂದ್ರೆ ಕುದುರೆಗೆ ಏನೂ ಆಗಲ್ಲ.

ತೂಕ ಬರ್ತಿಲ್ಲ ಅಂದ್ರೆ ಕಾಳು ಏರಿಸೋ ಬದಲು ಎಣ್ಣೆ. ಸೂರ್ಯಕಾಂತಿ ಎಣ್ಣೆ, ದಿನಕ್ಕೆ 30 ಮಿಲಿ ಇಂದ ಶುರು ಮಾಡಿ ಮೂರ್ನಾಲ್ಕು ವಾರದಲ್ಲಿ 150 ಮಿಲಿವರೆಗೆ, ಎರಡು ಹೊತ್ತಿಗೆ ಹಂಚಿ. ಲದ್ದಿ ಜಿಡ್ಡು ಜಿಡ್ಡಾದ್ರೆ ಒಂದು ಹೆಜ್ಜೆ ಹಿಂದೆ ಬನ್ನಿ. ಎಣ್ಣೆ ಜಾಸ್ತಿ ಆದಾಗ ವಿಟಮಿನ್ ಇ ಬೇಕಾಗುತ್ತೆ, ಎಷ್ಟು ಅಂತ ಡಾಕ್ಟ್ರನ್ನ ಕೇಳಿ.

ಮೇವಲ್ಲಿ ಏನೇ ಬದಲಾಯಿಸಿದ್ರೂ ಹತ್ತರಿಂದ ಹದಿನಾಲ್ಕು ದಿನ ತಗೊಳ್ಳಿ. ಕಾಳಿಗೆ ಎಲ್ರೂ ಇದನ್ನ ಮಾಡ್ತಾರೆ, ಹುಲ್ಲಿಗೆ ಮಾಡಲ್ಲ. ಹೊಸ ಲೋಡ್ ಹುಲ್ಲು ಬಂತು ಅಂದ್ರೆ ಹಳೇದು ಎರಡು ವಾರಕ್ಕಾಗೋಷ್ಟು ಉಳಿದಿರಬೇಕು, ಕಾಲು ಪಾಲು, ಅರ್ಧ ಪಾಲು, ಮುಕ್ಕಾಲು ಅಂತ ಬೆರೆಸ್ತಾ ಹೋಗಬೇಕು. ಭಾನುವಾರಕ್ಕೊಂದ್ಸಲ ಬಿಸಿನೀರಲ್ಲಿ ಬೂಸಾ ಕಲಸಿ "ಹೊಟ್ಟೆ ಕ್ಲೀನ್ ಆಗ್ಲಿ" ಅಂತ ಕೊಡ್ತಾರಲ್ಲ, ಅದೂ ವಾರಕ್ಕೊಮ್ಮೆ ದಿಢೀರ್ ಬದಲಾವಣೆಯೇ.

ನೀರು, ಉಪ್ಪು, ಮರಳು

ದಿನಕ್ಕೆ 25 ಲೀಟರ್ ಕನಿಷ್ಠ, ಏಪ್ರಿಲ್ ಬಿಸಿಲಲ್ಲಿ 50 ದಾಟಬಹುದು. ಪೈಪಿಂದ ತೊಟ್ಟಿ ತುಂಬಿಸೋರಿಗೆ ಎಷ್ಟು ಕುಡೀತು ಅಂತಾನೇ ಗೊತ್ತಾಗಲ್ಲ, ಒಂದು ವಾರ ಬಕೆಟ್ಟಲ್ಲಿ ಅಳೆದು ನೋಡಿ. ತೊಟ್ಟಿ ಪಾಚಿ ಕಟ್ಟಿದ್ರೆ ಕುಡಿಯಲ್ಲ. ಅಡುಗೆ ಉಪ್ಪು ದಿನಕ್ಕೆ 25ರಿಂದ 30 ಗ್ರಾಂ, ಒಂದೂವರೆ ಟೇಬಲ್ ಚಮಚ ಹತ್ರ, ಕಾಳಿನ ಜೊತೆ. ಪದೇ ಪದೇ ಲದ್ದಿ ಗಟ್ಟಿಯಾಗಿ ಕಟ್ಕೊಳ್ಳೋ ಕುದುರೆಗೆ ಒಣಹುಲ್ಲನ್ನ ಅರ್ಧ ಗಂಟೆ ನೀರಲ್ಲಿ ಅದ್ದಿ ಹಾಕಿ, ಇಷ್ಟರಲ್ಲೇ ಎಷ್ಟೋ ಸರಿ ಹೋಗುತ್ತೆ.

ಮರಳು ನೆಲ ಇರೋರಿಗೆ, ಕರಾವಳಿ ಕಡೆಯೋರಿಗೆ, ನದಿ ದಂಡೆ ತೋಟದೋರಿಗೆ ಒಂದು ಟೆಸ್ಟ್. ಬೆಳಿಗ್ಗೆ ಬಿದ್ದ ಲದ್ದಿಯ ಮೇಲಿನ, ನೆಲಕ್ಕೆ ತಾಗದ ಆರು ಉಂಡೆ ತಗೊಂಡು ಪಾರದರ್ಶಕ ಬಾಟ್ಲಿಗೆ ಹಾಕಿ, ನೀರು ತುಂಬಿ ಚೆನ್ನಾಗಿ ಕಲಕಿ ಕಾಲು ಗಂಟೆ ಬಿಡಿ. ತಳದಲ್ಲಿ ಒಂದು ಟೀ ಚಮಚದಷ್ಟು ಮರಳು ಕೂತ್ರೆ ಒಳಗೆ ಇನ್ನೂ ಇದೆ ಅಂತ. ಮರಳು ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಾನೂ ಅಲ್ಲ, ಎರಡು ಮೂರು ದಿನ ನೋಡಿ. ಇಸಬಗೋಲು ಕೊಡ್ತಾರೆ, ಒಂದು ಕೆಜಿ ತೂಕಕ್ಕೆ 1 ಗ್ರಾಂ, ಅಂದ್ರೆ ಕೆಂದನಿಗೆ ದಿನಕ್ಕೆ 440 ಗ್ರಾಂ, ನಾವು ರಾತ್ರಿ ಕುಡಿಯೋ ಎರಡು ಚಮಚ ಅಲ್ಲ. ಮೇವಲ್ಲಿ ಬೆರೆಸಿದ್ದು ಎಲ್ಲಾ ಕುದುರೆಗೂ ಕೆಲಸ ಮಾಡಲ್ಲ, ಮರಳು ಜಾಸ್ತಿ ಇದ್ರೆ ಡಾಕ್ಟ್ರು ಮೂಗಿಂದ ನಳಿಗೆ ಇಳಿಸಿ ಎಪ್ಸಮ್ ಸಾಲ್ಟ್ ಜೊತೆ ಹಾಕಬೇಕಾಗುತ್ತೆ. ನೆಲದ ಮೇಲೆ ಹುಲ್ಲು ಹಾಕೋ ಕಡೆ ರಬ್ಬರ್ ಮ್ಯಾಟ್ ಹಾಸಿ ದಿನಾ ಗುಡಿಸಿದ್ರೆ ಈ ಖರ್ಚೆಲ್ಲ ಉಳಿಯುತ್ತೆ.

ಲದ್ದಿ ಪುಸ್ತಕ

ಹೆಂಡತಿ ನಗ್ತಾಳೆ, ಆದ್ರೂ ಇಟ್ಟಿದೀನಿ. ಇಪ್ಪತ್ತು ರೂಪಾಯಿ ನೋಟ್‌ಬುಕ್, ದಿನಕ್ಕೆ ಒಂದು ಸಾಲು. ಎಷ್ಟು ಸಲ ಹಾಕಿದ (ಸಾಮಾನ್ಯವಾಗಿ 8ರಿಂದ 12), ಉಂಡೆ ಹೇಗಿದೆ, ಹುಳಿ ವಾಸನೆ ಇದ್ಯಾ, ಇಡೀ ಕಾಳು ಹಂಗೇ ಬರ್ತಿದ್ಯಾ, ಹಿಂದೆ ನೀರು ಸುರೀತಾ, ಯಾವ ಲೋಡ್ ಹುಲ್ಲು. ಕೆಂದನ ನೀರು ಸುರಿಯೋದು ಪ್ರತಿ ಸಲ ಹೊಸ ಹುಲ್ಲು ಬಂದ ನಾಲ್ಕನೇ ಐದನೇ ದಿನಕ್ಕೆ ಶುರು ಆಗ್ತಿತ್ತು ಅನ್ನೋದು ಈ ಪುಸ್ತಕ ಇಲ್ಲದಿದ್ರೆ ನಂಗೆ ಹೊಳೀತಾನೇ ಇರಲಿಲ್ಲ. ಲದ್ದಿ ಗಟ್ಟಿಯಾಗೋಕೆ ಎರಡು ಮೂರು ವಾರ ತಗೊಂಡ್ತು, ಪಕ್ಕೆ ಮುಚ್ಚೋಕೆ ಮೂರು ತಿಂಗಳು. ಮಧ್ಯದಲ್ಲಿ ಒಂದ್ಸಲ ತೂಕ ಎಂಟು ಕೆಜಿ ಇಳಿದು ನಾನೇ ಹೆದರಿ ಹಳೇ ಡಬ್ಬಕ್ಕೆ ಕೈ ಹಾಕಿದ್ದೆ, ಅಲ್ಲಿ ತಡೆದಿದ್ದು ಅದೇ ಸೈಸ್. "ಇರಿ ಅಣ್ಣಾ, ಲದ್ದಿ ಚೆನ್ನಾಗದೆ" ಅಂದ್ರು.

ಆಹಾರದ ಮಾತು ಮುಗಿದು ಫೋನ್ ಎತ್ತಬೇಕಾದ ಹೊತ್ತು

ಕಾಲಲ್ಲಿ ನೆಲ ಕೆರೆಯೋದು, ತಿರುತಿರುಗಿ ಹೊಟ್ಟೆ ನೋಡೋದು, ಮಲಗಿ ಹೊರಳಾಡೋದು, ಬೆವರು, ಲದ್ದಿ ನಿಂತಿರೋದು. ಇದರಲ್ಲಿ ಯಾವುದು ಕಂಡ್ರೂ ಮೇವು ಎತ್ತಿ, ಡಾಕ್ಟ್ರಿಗೆ ಫೋನ್ ಮಾಡಿ. ದವಡೆ ಕೆಳಗಿನ ನಾಡಿ ಎಣಿಸೋದು ಕಲ್ತಿರಿ, ಆರಾಮಾಗಿದ್ದಾಗ ನಿಮಿಷಕ್ಕೆ 28ರಿಂದ 44, 60 ದಾಟಿದ್ರೆ ಒಂದು ನಿಮಿಷಾನೂ ಕಾಯ್ಬೇಡಿ. ವಸಡು ನೇರಳೆ ಬಣ್ಣಕ್ಕೆ ತಿರುಗಿದ್ರೂ ಅಷ್ಟೇ.

ಮತ್ತೆ ಆ ಗೊಟ್ಟ. ಹಸುಗೆ ಔಷಧಿ ಕುಡಿಸೋ ಬಿದಿರಿನ ಗೊಟ್ಟದಲ್ಲಿ ಕುದುರೆಗೆ ಎಣ್ಣೆ, ಸೋಡಾ, ಕಷಾಯ ಸುರಿಯೋರು ಇವತ್ತಿಗೂ ಇದಾರೆ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ತುಂಬಿದ ಜಠರಕ್ಕೆ ಇನ್ನಷ್ಟು ಸುರಿದ್ರೆ ಒಡೆದೇ ಹೋಗಬಹುದು, ಎಣ್ಣೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ, ಹೊಟ್ಟೆನೋವಿಗಿಂತ ಮುಂಚೆ ಅದೇ ಕೊಲ್ಲುತ್ತೆ. ನಮ್ಮ ಗೊಟ್ಟ ಈಗ ಕೊಟ್ಟಿಗೆ ಅಟ್ಟದ ಮೇಲಿದೆ. ಅದು ನೇತಾಡ್ತಿದ್ದ ಮೊಳೆ ಪಕ್ಕ, ಸುಣ್ಣದ ಗೋಡೆ ಮೇಲೆ ಇದ್ದಿಲಲ್ಲಿ ಎರಡು ನಂಬರ್ ಬರೆದಿದೀವಿ, ಒಂದು ಡಾಕ್ಟ್ರದ್ದು, ಇನ್ನೊಂದು ರಾತ್ರಿ ಕರೆದ್ರೂ ಬರೋ ಲಾರಿಯವನದ್ದು.